ಚೀನಾದ ಬಳಪದ ಕಲ್ಲಿನ ಬೌದ್ಧ ಬೊಂಬೆಗಳು: ಬೆಲೆ ಕೇಳುವ ಮೊದಲು ಕೆತ್ತನೆ ನೋಡಿ

ಹಳೇಪೆಟ್ಟಿಗೆ:
ಇಲ್ಲಿ ಆಗಾಗ ಒಂದೇ ಥರದ ಫೋಟೊ ಬರುತ್ತಿರುತ್ತದೆ. ಗೇಣುದ್ದದ ಬೋಳುತಲೆ ಸನ್ಯಾಸಿ, ಇಲ್ಲವೇ ಕೈಯಲ್ಲಿ ಗಿಂಡಿ ಹಿಡಿದು ನಿಂತ ಹೆಂಗಸು, ಇಲ್ಲವೇ ಹೊಟ್ಟೆ ಬಿಟ್ಟುಕೊಂಡು ನಗುತ್ತಿರುವ ದಪ್ಪನೆಯ ಭಿಕ್ಷು. ಕಲ್ಲು ಹಸಿರು, ಕಂದು ಅಥವಾ ಕೆನೆ ಬಣ್ಣ. ಕೆಳಗೆ ಮೂರು ಪ್ರಶ್ನೆ: ಇದು ಜೇಡ್ ಕಲ್ಲಾ, ಎಷ್ಟು ಹಳೇದು, ಎಷ್ಟು ಸಿಗುತ್ತೆ. ಈ ಮೂರೂ ಆಮೇಲೆ ಕೇಳಬೇಕಾದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ. ಮೊದಲು ಕೆತ್ತಿದವನ ಕೈ ಹೇಗಿದೆ ನೋಡಬೇಕು. ಅದು ಗೊತ್ತಾದರೆ ಉಳಿದದ್ದರಲ್ಲಿ ಅರ್ಧ ತಾನಾಗಿ ತಿಳಿಯುತ್ತದೆ.

ಮೊದಲು ಕಲ್ಲಿನ ವಿಷಯ ಮುಗಿಸಿಬಿಡೋಣ. ನಮ್ಮ ಮನೆಗಳಿಗೆ ಬಂದಿರುವ ಇಂಥ ಬೊಂಬೆಗಳ ಕಲ್ಲು ಹೆಚ್ಚಾಗಿ ಎರಡು ಊರಿನದು. ಒಂದು ಶೌಶಾನ್, ಫೂಜಿಯಾನ್ ಪ್ರಾಂತ್ಯದ ಫೂಝೌ ನಗರದ ಉತ್ತರಕ್ಕಿರುವ ಬೆಟ್ಟದ ಹಳ್ಳಿ. ಇನ್ನೊಂದು ಚಿಂಗ್‌ತ್ಯೆನ್, ಝೆಜಿಯಾಂಗ್ ಪ್ರಾಂತ್ಯದಲ್ಲಿ ವೆನ್‌ಝೌ ಹತ್ತಿರ. ಎಲ್ಲರೂ ಇದನ್ನು ಬಳಪದ ಕಲ್ಲು ಅಂತಲೇ ಕರೆಯುತ್ತಾರೆ. ಮುಟ್ಟಿದರೆ ಹಾಗೇ ಜಿಡ್ಡುಜಿಡ್ಡಾಗಿ ನುಣ್ಣಗಿರುತ್ತದೆ. ಆದರೆ ಇವುಗಳಲ್ಲಿ ಜಾಸ್ತಿ ಇರೋದು ನಿಜವಾದ ಬಳಪದ ಕಲ್ಲಿನ ಮುಖ್ಯ ಖನಿಜ ಟಾಲ್ಕ್ ಅಲ್ಲ. ಪೈರೊಫಿಲೈಟ್, ಡಿಕೈಟ್ ಅನ್ನುವ ಖನಿಜಗಳು. ಗಡಸುತನ, 1ರಿಂದ 10ರ ತನಕ ಇರುವ ಮೋಸ್ ಅಳತೆಯಲ್ಲಿ, 2ರಿಂದ 3ರ ಆಸುಪಾಸು. ಜೇಡ್ 6ಕ್ಕಿಂತ ಮೇಲೆ. ಅಂದರೆ ತಳದಲ್ಲಿ, ಯಾರಿಗೂ ಕಾಣದ ಕಡೆ, ಚಾಕುವಿನ ತುದಿ ಮೆಲ್ಲಗೆ ತಾಗಿಸಿದರೆ ಬಿಳಿ ಪುಡಿ ಬರುತ್ತದೆ. ಜೇಡ್ ಆದರೆ ಸಾಮಾನ್ಯ ಚಾಕುವಿಗೆ ಜಗ್ಗೋದಿಲ್ಲ.

ಮೃದು ಕಲ್ಲು ಅಂತ ಮೂಗು ಮುರಿಯಬೇಡಿ. ಮೃದು ಆಗಿರೋದರಿಂದಲೇ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯ. ನಮ್ಮ ಬೇಲೂರು, ಹಳೇಬೀಡು ಇದಕ್ಕೆ ಸಾಕ್ಷಿ ಅಲ್ವಾ?

ಶಿವಾರಪಟ್ಟಣದವನು:
ಕೊನೆಯ ಮಾತಿಗೆ ನನ್ನದೂ ಒಂದು ಕೈ. ನಾವು ಕಲ್ಲು ಕೆತ್ತೋ ಮನೆಯವರು. ಬಳಪದ ಕಲ್ಲಲ್ಲಿ ತಪ್ಪು ಮಾಡೋದು ತುಂಬಾ ಸುಲಭ. ಗಟ್ಟಿ ಕಲ್ಲು ನಿಮ್ಮನ್ನು ನಿಧಾನ ಮಾಡಿಸುತ್ತೆ, ಇದು ಮಾಡಿಸಲ್ಲ. ಉಳಿ ಒಂದು ಸಲ ಜಾರಿದರೆ ಮೂಗೇ ಹೋಯಿತು.

ಚೀನಾದವರ ಸಣ್ಣ ಬೊಂಬೆಗಳನ್ನು ಒಂದೆರಡು ಕಡೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ನಾನು ನೋಡೋದು ಮುಖ ಅಲ್ಲ. ಮುಖವನ್ನು ಎಲ್ಲರೂ ಚೆನ್ನಾಗಿ ಮಾಡ್ತಾರೆ, ಗಿರಾಕಿ ನೋಡೋದು ಅದನ್ನೇ. ನಾನು ತಿರುಗಿಸಿ ಬೆನ್ನು ನೋಡ್ತೇನೆ. ಆಮೇಲೆ ತೋಳಿನ ಒಳಗೆ. ಬೌದ್ಧ ಸನ್ಯಾಸಿಗಳ ಅಂಗಿಯ ತೋಳು ಅಗಲವಾಗಿ ಜೋತುಬೀಳುತ್ತದಲ್ಲ, ಒಳ್ಳೆ ಕೆಲಸಗಾರ ಆ ತೋಳಿನ ಬಾಯಿಯನ್ನು ಒಳಗಿನವರೆಗೂ ತೋಡಿರುತ್ತಾನೆ. ಮಣಿಕಟ್ಟು ಎಲ್ಲಿಂದ ಬಂತು ಅಂತ ಕತ್ತಲಲ್ಲೂ ಬೆರಳಿಗೆ ಸಿಗುತ್ತೆ. ಬಟ್ಟೆಯ ಮಡಿಕೆ ಒಂದರ ಮೇಲೊಂದು ಬಿದ್ದಲ್ಲಿ ಮೇಲಿನ ಅಂಚು ತೆಳ್ಳಗಾಗಿ, ಕೆಳಗೆ ನಿಜವಾದ ನೆರಳು ಬೀಳೋ ಹಾಗೆ ಕೊರೆದಿರುತ್ತಾನೆ. ಅವಸರದ ಕೆಲಸದಲ್ಲಿ ಮಡಿಕೆ ಅಂದರೆ ಬರೀ ಗೆರೆ. ಬೆನ್ನಂತೂ ಬೋಳು.

ಮೆಷಿನ್ ಕೆಲಸ ಗೊತ್ತಾಗೋದು ಕಷ್ಟ ಅಲ್ಲ. ತಿರುಗುವ ಡ್ರಿಲ್ ಬಿಟ್ಟಲ್ಲಿ ಒಂದೇ ಅಳತೆಯ ದುಂಡು ಗುಳಿ ಇರುತ್ತೆ. ಕೂದಲ ಸಂದಿಯಲ್ಲಿ, ಬೆರಳ ಸಂದಿಯಲ್ಲಿ, ತಾವರೆ ಪೀಠದ ದಳಗಳ ಬುಡದಲ್ಲಿ ಭೂತಗನ್ನಡಿ ಇಟ್ಟು ನೋಡಿ. ಕೈ ಕತ್ತಿಯ ಗೆರೆ ಶುರುವಲ್ಲಿ ಅಗಲ, ಕೊನೆಯಲ್ಲಿ ಸಣ್ಣ. ಒಂದೇ ಥರ ಎರಡು ಗೆರೆ ಇರಲ್ಲ.

ಮಲೆನಾಡಮಗಳು:
ನಮ್ಮನೆಯಲ್ಲಿ ಒಂದು ಇದೆ. ಮಾವ ಹಡಗಿನಲ್ಲಿ ಕೆಲಸದಲ್ಲಿದ್ದಾಗ ಹಾಂಗ್‌ಕಾಂಗ್‌ನಿಂದ ತಂದದ್ದು. ಕೂತಿರುವ ಸನ್ಯಾಸಿ, ತಲೆ ಒಂದು ಕಡೆ ವಾಲಿಸಿದ್ದಾನೆ, ಕಣ್ಣು ಅರ್ಧ ಮುಚ್ಚಿದೆ, ಒಂದು ಸಣ್ಣ ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದಾನೆ. ನಮ್ಮ ಮಕ್ಕಳಿಗೆ ಅದನ್ನು ಕಂಡರೆ ಬಲು ಇಷ್ಟ. ದೇವರ ಬೊಂಬೆ ಹೀಗೂ ಇರುತ್ತಾ? ಯಾರು ಇವನು?

ಹಳೇಪೆಟ್ಟಿಗೆ:
ಮೇಡಂ, ಅವನು ನಾಗಸೇನ! ಗ್ರೀಕ್ ದೊರೆ ಮಿನಾಂಡರನ ಜೊತೆ ಪ್ರಶ್ನೋತ್ತರ ನಡೆಸಿದ ಅದೇ ಭಿಕ್ಷು. ನಮ್ಮ ಶಾಲೆಯ ಇತಿಹಾಸದ ಪಾಠದಲ್ಲಿ ಬರುವ ಮಿಲಿಂದ ಅಂದರೆ ಇದೇ ಮಿನಾಂಡರ್. ಚೀನಾದ ಹದಿನೆಂಟು ಅರ್ಹತರ ಗುಂಪಿನಲ್ಲಿ ನಾಗಸೇನನ ಗುರುತೇ ಕಿವಿ ಕೆರೆದುಕೊಳ್ಳೋದು. ಕೇಳುವ ಇಂದ್ರಿಯ ಶುದ್ಧವಾಗಿರಬೇಕು ಅಂತ ಬೋಧಿಸಿದ ಅನ್ನೋದು ಅದರ ಹಿಂದಿನ ಕಥೆ.

ಅರ್ಹತರನ್ನು ಅಲ್ಲಿ ಲುವೊಹಾನ್ ಅನ್ನುತ್ತಾರೆ. ಬುದ್ಧನ ಶಿಷ್ಯರು, ಮುಂದಿನ ಬುದ್ಧ ಮೈತ್ರೇಯ ಬರುವ ತನಕ ಧರ್ಮ ಕಾಯಬೇಕಾದವರು. ಮೂಲದಲ್ಲಿ 16 ಜನ. ಹೆಸರುಗಳ ಪಟ್ಟಿ ಇರುವ ಗ್ರಂಥವನ್ನು ಶ್ವಾನ್‌ಝಾಂಗ್, ನಾವು ಹ್ಯೂಯೆನ್‌ತ್ಸಾಂಗ್ ಅಂತ ಓದಿದ ಯಾತ್ರಿಕ, ಭಾರತದಿಂದ ವಾಪಸ್ ಹೋದ ಮೇಲೆ 654ರಲ್ಲಿ ಚೀನೀ ಭಾಷೆಗೆ ತಂದ. ಆಮೇಲೆ ಅಲ್ಲಿಯವರೇ ಇಬ್ಬರನ್ನು ಸೇರಿಸಿ 18 ಮಾಡಿಕೊಂಡರು. ಒಬ್ಬ ಡ್ರ್ಯಾಗನ್ ಪಳಗಿಸಿದವನು, ಇನ್ನೊಬ್ಬ ಹುಲಿ ಪಳಗಿಸಿದವನು. ಜಿಂಕೆ ಜೊತೆಗಿದ್ದರೆ ಪಿಂಡೋಲ ಭಾರದ್ವಾಜ. ಹುಬ್ಬು ಕೆನ್ನೆ ದಾಟಿ ಇಳಿದಿದ್ದರೆ ಅಸಿತ. ಎದೆ ಬಗೆದು ಒಳಗೆ ಬುದ್ಧನನ್ನು ತೋರಿಸುತ್ತಿದ್ದರೆ ಗೋಪಕ. ಹನುಮಂತನ ಚಿತ್ರ ನೋಡಿ ಬೆಳೆದ ನಮಗೆ ಅದು ತಟ್ಟನೆ ನಾಟುತ್ತದೆ.

ಇನ್ನೊಂದು ನೋಡಿ. ಈ ಬೊಂಬೆಗಳಲ್ಲಿ ದೊಡ್ಡ ಮೂಗು, ದಟ್ಟ ಹುಬ್ಬು, ಉಬ್ಬಿದ ಹಣೆ ಇರುತ್ತದಲ್ಲ, ಅದು ಚೀನಾದವರ ಮುಖ ಅಲ್ಲವೇ ಅಲ್ಲ. ಗ್ವಾನ್‌ಶಿಯೂ ಅನ್ನೋ ಸನ್ಯಾಸಿ ಚಿತ್ರಕಾರ (832–912) ಅರ್ಹತರನ್ನು ಹೀಗೆ ಪರದೇಶಿ ಮುಖಗಳಾಗಿ ಬರೆದ. ಕನಸಲ್ಲಿ ಹಾಗೇ ಕಂಡರು ಅಂತ ಹೇಳಿದನಂತೆ. ಆ ಮೂಗು, ಆ ಹುಬ್ಬು ಸಾವಿರ ವರ್ಷದಿಂದ ಕೈಯಿಂದ ಕೈಗೆ ಬಂದಿದೆ. ನಿಮ್ಮ ಶೋಕೇಸಿನಲ್ಲಿ ಕೂತಿರೋನು ಚೀನಾದ ಕಲಾವಿದರ ಕಲ್ಪನೆಯ ಭಾರತೀಯ.

ನೇರಮಾತು:
ಒಂದು ಮಾತು ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಇವೆಲ್ಲ ಪ್ರವಾಸಿಗರಿಗೆ, ರಫ್ತಿಗೆ ಅಂತ ಮಾಡಿದ ಸಾಮಾನು. ಯಾವ ಗುಡಿಯಲ್ಲೂ ಪೂಜೆಗೆ ಇಟ್ಟವಲ್ಲ. ಹಡಗಿಗೆ ತುಂಬಿ ಕಳಿಸಿದ ಬೊಂಬೆಗೆ ಕಲೆ, ಪರಂಪರೆ ಅಂತ ಇಷ್ಟು ದೊಡ್ಡ ಮಾತು ಯಾಕೆ? ಮ್ಯೂಸಿಯಂನಲ್ಲಿರೋದು ಬೇರೆ, ಮನೆಯಲ್ಲಿರೋದು ಬೇರೆ.

ಹಳೇಪೆಟ್ಟಿಗೆ:
ಸರ್, ರಫ್ತಿಗೆ ಮಾಡಿದ್ದು ಅನ್ನೋದು ನಿಜ. ಅದರಿಂದ ಕೀಳಾಯಿತು ಅನ್ನೋದನ್ನು ಒಪ್ಪಲ್ಲ. ಸ್ವಲ್ಪ ವಿವರವಾಗಿ ಬರೀತೀನಿ.

ಶೌಶಾನ್ ಕಲ್ಲಿನ ಕೆತ್ತನೆ ಹಡಗು ಬರುವ ಎಷ್ಟೋ ಕಾಲ ಮೊದಲಿನದು. ಫೂಝೌ ಸುತ್ತಲಿನ ದಕ್ಷಿಣ ರಾಜವಂಶಗಳ ಕಾಲದ ಸಮಾಧಿಗಳಲ್ಲಿ ಈ ಕಲ್ಲಿನ ಪುಟ್ಟ ಹಂದಿ ಬೊಂಬೆಗಳು ಸಿಕ್ಕಿವೆ, ಅವಕ್ಕೆ ಸುಮಾರು 1500 ವರ್ಷ. ಶೌಶಾನ್ ಹಳ್ಳಿಯಲ್ಲೇ ಗ್ವಾಂಗ್‌ಯಿಂಗ್ ಅನ್ನೋ ಬೌದ್ಧ ವಿಹಾರ ಇತ್ತು. ಅಲ್ಲಿನ ಭಿಕ್ಷುಗಳು ಬೆಟ್ಟದ ಕಲ್ಲು ತಂದು ಜಪದ ಮಣಿ, ಸಣ್ಣ ಸಾಮಾನು ಕೆತ್ತಿ ಬಂದವರಿಗೆ ಕೊಡುತ್ತಿದ್ದರು ಅಂತ ಅಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. ವಿಹಾರ ಸುಟ್ಟುಹೋಯಿತು. ಆ ನೆಲದಡಿ ಹೂತಿದ್ದ ಕಲ್ಲುಗಳನ್ನು ಆಮೇಲೆ ಜನ ಅಗೆದು ತೆಗೆದರು. ಮಣ್ಣಲ್ಲಿ ನೂರಾರು ವರ್ಷ ಇದ್ದು ಬಣ್ಣ ಮಾಗಿದ ಆ ಕಲ್ಲುಗಳಿಗೆ ಸಂಗ್ರಾಹಕರಲ್ಲಿ ಬೇರೆಯೇ ಬೆಲೆ. ಹಾಗಾಗಿ ಈ ಕಲ್ಲಿಗೂ ಬೌದ್ಧ ಧರ್ಮಕ್ಕೂ ಇರೋ ನಂಟು ಅಂಗಡಿಯವರು ಕಟ್ಟಿದ ಕಥೆ ಅಲ್ಲ.

17ನೇ ಶತಮಾನದಲ್ಲಿ, ಕಾಂಗ್‌ಶಿ ಚಕ್ರವರ್ತಿಯ ಕಾಲಕ್ಕೆ, ಇಬ್ಬರು ದೊಡ್ಡ ಹೆಸರು. ಯಾಂಗ್ ಯುಷ್ವಾನ್, ಝೌ ಬಿನ್. ಇಬ್ಬರೂ ಫೂಜಿಯಾನ್‌ನವರು. ಯಾಂಗ್ ಮಾಡಿದ ಅರ್ಹತರಲ್ಲಿ ಅಂಗಿಯ ಅಂಚನ್ನು ನೋಡಬೇಕು. ಅರ್ಧ ಬೆರಳಗಲದ ಪಟ್ಟಿ, ಅದರೊಳಗೆ ಕೂದಲೆಳೆಯಂಥ ಗೆರೆಯಲ್ಲಿ ಮೋಡ, ಬಳ್ಳಿ. ಆ ಗೆರೆಗೆ ಬಂಗಾರದ ಬಣ್ಣ, ಬಣ್ಣದ ಪುಡಿ ತುಂಬಿದ್ದಾರೆ. ಮೈ ಮಾತ್ರ ಏನೂ ಇಲ್ಲದೆ ನುಣ್ಣಗೆ. ಆ ನುಣುಪು ಮೈಗೂ ಈ ಒತ್ತೊತ್ತು ಅಂಚಿಗೂ ಇರೋ ವ್ಯತ್ಯಾಸವೇ ಅದರ ಚೆಲುವು. ಇವರು ಬೊಂಬೆಯ ಮೇಲೆ ತಮ್ಮ ಹೆಸರು ಕೊರೆಯುತ್ತಿದ್ದರು.

ಇನ್ನು ರಫ್ತು. 1842ರ ನಾನ್‌ಜಿಂಗ್ ಒಪ್ಪಂದದ ನಂತರ ಫೂಝೌ ಬಂದರು ಪರದೇಶಿಗಳಿಗೆ ತೆರೆಯಿತು, 1870ರ ದಶಕದಲ್ಲಿ ವೆನ್‌ಝೌ. ಚಿಂಗ್‌ತ್ಯೆನ್ ಬೆಟ್ಟದ ಊರು, ಗದ್ದೆ ಕಮ್ಮಿ. ಅಲ್ಲಿನ ಗಂಡಸರು ಕೆತ್ತಿದ ಕಲ್ಲುಗಳನ್ನು ಗಂಟು ಕಟ್ಟಿಕೊಂಡು ಯುರೋಪಿನ ತನಕ ಹೋಗಿ ಬೀದಿಯಲ್ಲಿ ಮಾರಿದರು. ಇವತ್ತು ಇಟಲಿ, ಸ್ಪೇನ್‌ನಲ್ಲಿರುವ ಚೀನೀಯರಲ್ಲಿ ಆ ಒಂದು ಪುಟ್ಟ ತಾಲೂಕಿನವರೇ ಎಷ್ಟೋ ಜನ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ–ಪೆಸಿಫಿಕ್ ಪ್ರದರ್ಶನಕ್ಕೂ ಚಿಂಗ್‌ತ್ಯೆನ್ ಕೆತ್ತನೆ ಹೋಗಿತ್ತು. ಹೊಟ್ಟೆಪಾಡಿಗೆ ಕೆತ್ತಿದ್ದು ಅನ್ನೋದಕ್ಕೆ ಅದನ್ನು ಕೀಳು ಅಂದರೆ, ಕೂಲಿ ತಗೊಂಡು ದೇವಸ್ಥಾನ ಕಟ್ಟಿದವರನ್ನೂ ಹಾಗೇ ಅನ್ನಬೇಕಾಗುತ್ತದೆ. ಅವಸರದ ಕೆಲಸ ಖಂಡಿತ ಇದೆ, ರಾಶಿ ರಾಶಿ ಇದೆ. ಅದಕ್ಕೇ ಹೇಳಿದ್ದು, ಒಂದೊಂದನ್ನೂ ಕೈಗೆ ತಗೊಂಡು ನೋಡಿ ಅಂತ.

ಶಿವಾರಪಟ್ಟಣದವನು:
ಹೆಸರು ಕೊರೆಯೋ ಮಾತು ಬಂತಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರೂ ಕಲ್ಲಿನ ಮೇಲೆ ಹೆಸರು ಬಿಟ್ಟು ಹೋಗಿದ್ದಾರೆ. ಅದೂ ಬಳಪದ ಕಲ್ಲೇ. ದುಡ್ಡಿಗೆ ಮಾಡಿದ ಕೆಲಸವೇ. ನೇರಮಾತು ಅವರೇ, ಕೆತ್ತುವವನಿಗೆ ಗಿರಾಕಿ ಯಾರು ಅನ್ನೋದು ಮುಂಗಡ ಇಸ್ಕೊಳ್ಳೋವಾಗ ನೆನಪಿರುತ್ತೆ. ಉಳಿ ಹಿಡಿದ ಮೇಲೆ ಕಲ್ಲು ಮಾತ್ರ.

ನೇರಮಾತು:
ದಾಸೋಜನ ಮಾತು ಒಪ್ಪಿದೆ. ಆದರೂ ಈಗ ಆನ್‌ಲೈನ್‌ನಲ್ಲಿ ಸಿಗೋದರಲ್ಲಿ ಮುಕ್ಕಾಲು ಪಾಲು ಕಲ್ಲೇ ಅಲ್ಲ ಅನ್ನೋದು ನನ್ನ ಸಿಟ್ಟು. ಪುಡಿ ಕಲ್ಲು, ರಾಳ ಕಲಸಿ ಅಚ್ಚಿಗೆ ಹುಯ್ದು "ಕೈಕೆತ್ತನೆ" ಅಂತ ಮಾರುತ್ತಾರೆ. ಹೋದ ವರ್ಷ ಹೀಗೇ ಒಂದು ಅಂಗಡಿಯವರು ನನಗೆ ಕಳಿಸಿದರು. ವಾಪಸ್ ತಗೊಳ್ಳೋಕೆ ತಿಂಗಳುಗಟ್ಟಲೆ ಸತಾಯಿಸಿದರು.

ಹಳೇಪೆಟ್ಟಿಗೆ:
ಆ ಸಿಟ್ಟು ನ್ಯಾಯವಾದ್ದೇ. ರಾಳದ್ದು ಕಂಡುಹಿಡಿಯೋಕೆ: ಕೆನ್ನೆಗೆ ತಾಗಿಸಿ, ಕಲ್ಲು ತಣ್ಣಗಿರುತ್ತೆ, ಬೇಗ ಬಿಸಿಯಾಗಲ್ಲ. ಎರಡು ಬದಿಯಲ್ಲಿ, ಭುಜದಿಂದ ಕೆಳಗೆ, ಅಚ್ಚಿನ ಎರಡು ಹೋಳು ಕೂಡಿದ ಸಣ್ಣ ಏರು ಇದೆಯಾ ಹುಡುಕಿ. ತಳದಲ್ಲಿ ಸೂಜಿಮೊನೆಯಂಥ ಗಾಳಿಗುಳ್ಳೆ ಇದ್ದರೆ ಅದು ಹುಯ್ದದ್ದೇ. ಕಲ್ಲಿನಲ್ಲಿ ಬಣ್ಣದ ನರ ಒಳಗಿಂದ ಹಾದುಹೋಗುತ್ತೆ, ಮುಂದೆ ಕಂಡ ಕಂದು ಗೆರೆ ಹಿಂದೆ ಎಲ್ಲೋ ಬಂದು ಸೇರುತ್ತೆ. ರಾಳದ್ದರಲ್ಲಿ ಬಣ್ಣ ಮೇಲ್ಮೈಯಲ್ಲೇ ನಿಂತಿರುತ್ತೆ.

ಬಣ್ಣದ ಮಾತು ಬಂದಾಗ ನನಗೆ ತುಂಬಾ ಇಷ್ಟವಾದ ವಿಷಯ ಹೇಳಿಬಿಡುತ್ತೇನೆ. ಶೌಶಾನ್ ಕೆಲಸಗಾರ ಕಲ್ಲು ಕೈಗೆ ಬಂದ ತಕ್ಷಣ ಕೆತ್ತಲ್ಲ. ನೋಡುತ್ತಾ ಕೂರುತ್ತಾನೆ. ಒಂದು ನೋಟ ಒಂಬತ್ತು ಕೆಲಸಕ್ಕೆ ಸಮ ಅಂತ ಅವರಲ್ಲಿ ಮಾತಿದೆ. ಕೆಂಪು ಪದರ ಎಲ್ಲಿದೆಯೋ ಅಲ್ಲಿ ಅರ್ಹತನ ಶಲ್ಯ ಬರಬೇಕು, ಬಿಳಿ ಎಲ್ಲಿ ಬಂತೋ ಅಲ್ಲಿ ಮುಖ, ಕಪ್ಪು ಚುಕ್ಕೆ ಇದ್ದರೆ ಹುಲಿಯ ಮೈಪಟ್ಟೆ. ಕಲ್ಲಿನ ದೋಷವನ್ನು ಕತ್ತರಿಸಿ ಬಿಸಾಡದೆ ಬೊಂಬೆಯ ಭಾಗವೇ ಮಾಡಿಬಿಡೋದು. ನಿಮ್ಮ ಮನೆಯ ಬೊಂಬೆಯಲ್ಲಿ ಬಣ್ಣ ಬದಲಾಗುವ ಕಡೆಯೇ ಅಂಗ ಅಥವಾ ಬಟ್ಟೆ ಬದಲಾಗಿದ್ದರೆ, ಆ ಕೈ ಒಳ್ಳೆಯದು ಅಂತ ಧೈರ್ಯವಾಗಿ ಹೇಳಬಹುದು.

ಕರಾವಳಿಗಾಳಿ:
ಇಲ್ಲಿ ಹೆಂಗಸಿನ ರೂಪದ್ದು ಯಾರು ಅಂತ ಯಾರೂ ಹೇಳಲಿಲ್ಲ. ಗ್ವಾನ್‌ಯಿನ್ ತಾನೇ? ನಾನು ಓದಿದ ಪ್ರಕಾರ ಅವಳು ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನೇ. ನಮ್ಮ ಮಂಗಳೂರಿನ ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇದೆಯಲ್ಲ, ಮೂರು ಮುಖ, ಆರು ಕೈ, ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು ಅಂತ ಶಾಸನ ಇರೋದು. ಅದನ್ನು ಅವಲೋಕಿತೇಶ್ವರ ಅಂತ ಹಲವು ವಿದ್ವಾಂಸರು ಗುರುತಿಸಿದ್ದಾರೆ. ಹಾಗಾದರೆ ಅಲ್ಲಿಯ ಹೆಂಗಸು, ಇಲ್ಲಿಯ ಗಂಡಸು ಇಬ್ಬರೂ ಒಬ್ಬರೇ?

ಹಳೇಪೆಟ್ಟಿಗೆ:
ಹೌದು. ಚೀನಾದಲ್ಲೂ ಮೊದಲು ಗಂಡು ರೂಪವೇ, ಸಣ್ಣ ಮೀಸೆ ಇರೋ ಚಿತ್ರಗಳೂ ಇವೆ. ಸುಮಾರು ಸೊಂಗ್ ರಾಜವಂಶದ ಕಾಲದ (10ರಿಂದ 13ನೇ ಶತಮಾನ) ಹೊತ್ತಿಗೆ ಹೆಣ್ಣು ರೂಪ ಜಾಸ್ತಿಯಾಗುತ್ತಾ ಬಂತು. ಝೆಜಿಯಾಂಗ್ ತೀರದ ಪುತುವೊ ದ್ವೀಪ ಅವಳ ಕ್ಷೇತ್ರ. ಕೈಯಲ್ಲಿರೋ ಗಿಂಡಿಯಲ್ಲಿ ಅಮೃತ. ಮೀನುಬುಟ್ಟಿ ಹಿಡಿದದ್ದೂ, ಮಗು ಎತ್ತಿಕೊಂಡದ್ದೂ ಅವಳೇ. ಕಿರೀಟದ ನಡುವೆ ಪುಟ್ಟ ಅಮಿತಾಭ ಬುದ್ಧ ಇದೆಯಾ ನೋಡಿ. ಚಿಕ್ಕ ಬೊಂಬೆಯಲ್ಲೂ ಕಡಲೆಕಾಳಿನಷ್ಟು ಜಾಗದಲ್ಲಿ ಅದನ್ನು ಬಿಡಿಸಿದ್ದರೆ ಕೆಲಸಗಾರ ಮನಸ್ಸಿಟ್ಟು ಮಾಡಿದ್ದಾನೆ ಅಂತ.

ಹೊಟ್ಟೆಯ ಭಿಕ್ಷು ಬಗ್ಗೆಯೂ ಹೇಳಿಬಿಡುತ್ತೇನೆ. ಅವನು ಗೌತಮ ಬುದ್ಧ ಅಲ್ಲ. ಬುದಾಯ್ ಅಂತ, ಝೆಜಿಯಾಂಗ್‌ನ ಫೆಂಗ್‌ಹ್ವಾ ಕಡೆ 10ನೇ ಶತಮಾನದ ಶುರುವಿನಲ್ಲಿ ತೀರಿಕೊಂಡ ಅಲೆಮಾರಿ ಭಿಕ್ಷು. ಬಟ್ಟೆ ಚೀಲ ಹೊತ್ತು ತಿರುಗುತ್ತಿದ್ದ. ಮೈತ್ರೇಯನ ಅವತಾರ ಅಂತ ಜನ ನಂಬಿದರು. ಚೀನಾದ ಬೌದ್ಧ ಗುಡಿಗಳಲ್ಲಿ ಬಾಗಿಲ ಹತ್ತಿರದ ಮಂಟಪದಲ್ಲೇ ಕೂತಿರುತ್ತಾನೆ.

ಕುಶಾಲನಗರ_ಬಸ್ಸು:
ನಮ್ಮ ಪಕ್ಕದ ಬೈಲುಕುಪ್ಪೆ ಅಂಗಡಿಗಳಲ್ಲಿ ಇವನದೇ ರಾಜ್ಯ. ಆದರೆ ಅಲ್ಲಿ ಟಿಬೆಟಿನವರು 1961ರಿಂದ ಇದ್ದಾರೆ, ಅವರ ಸ್ವಂತ ಕಲೆ ಥಾಂಕಾ ಅನ್ನೋ ಬಟ್ಟೆಯ ಮೇಲಿನ ಚಿತ್ರ, ಲೋಹದ ವಿಗ್ರಹ. ನಗುವ ಭಿಕ್ಷು ಅವರ ಪರಂಪರೆ ಅಂದುಕೊಂಡು ಕೊಳ್ಳಬೇಡಿ. 16 ಅರ್ಹತರು ಮಾತ್ರ ಟಿಬೆಟಿನವರಲ್ಲೂ ಇದ್ದಾರೆ. ಥಾಂಕಾದಲ್ಲಿ ಸುತ್ತ 16 ಜನ ಕೂತಿರೋದನ್ನು ಕೇಳಿ ನೋಡಿ, ಹೆಸರು ಹಿಡಿದು ಹೇಳುತ್ತಾರೆ.

ಮಲೆನಾಡಮಗಳು:
ನಾಗಸೇನ ಅಂತ ಗೊತ್ತಾಗಿ ಮಕ್ಕಳು ಕುಣಿದಾಡುತ್ತಿದ್ದಾರೆ! ಬೆನ್ನು ನೋಡಿದೆ. ಅಂಗಿಯ ಮಡಿಕೆ ಹಿಂದೆಯೂ ಪೂರ್ತಿ ಇದೆ, ಬೆನ್ನುಹುರಿಯ ಹತ್ತಿರ ಬಟ್ಟೆ ಬಿಗಿದು ಕೆಳಗೆ ಸಡಿಲಾಗಿದೆ. ತಳದಲ್ಲಿ ಇಂಗ್ಲಿಷಿನಲ್ಲಿ "ಚೀನಾ" ಅಂತ ಕೊರೆದಿದೆ. ಇನ್ನೊಂದು ಕೇಳಬೇಕಿತ್ತು. ಅತ್ತೆ ಪ್ರತಿ ಶುಕ್ರವಾರ ಇದಕ್ಕೂ ಕುಂಕುಮ ಇಟ್ಟು, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರುತ್ತಾರೆ. ಏನಾದರೂ ತೊಂದರೆ ಇದೆಯಾ? ಬೇಡ ಅನ್ನೋಕೆ ಮನಸ್ಸಿಲ್ಲ.

ಹಳೇಪೆಟ್ಟಿಗೆ:
"ಚೀನಾ" ಅಂತ ಬರೆದಿದ್ದು ಒಳ್ಳೆ ಸುಳಿವು. 1890ರ ಅಮೆರಿಕದ ಸುಂಕದ ಕಾನೂನಿನಿಂದಾಗಿ ಆಮದು ಸಾಮಾನಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕಾಯಿತು. ಹಾಗಾಗಿ ನಿಮ್ಮದು ಅದರ ನಂತರದ್ದು, ರಫ್ತಿಗೇ ಮಾಡಿದ್ದು. ಬೆನ್ನಿನ ಕೆಲಸದ ವರ್ಣನೆ ಕೇಳಿದರೆ ಅದು ಅವಸರದ ಮಾಲು ಅಲ್ಲವೇ ಅಲ್ಲ.

ಎಣ್ಣೆ ಬಗ್ಗೆ: ಶೌಶಾನ್ ಕಲ್ಲಿನ ಕೆಲವು ಜಾತಿಗಳು ಒಣಗಿದರೆ ಬಿರುಕು ಬಿಡುತ್ತವೆ, ಅಲ್ಲಿಯವರೂ ಎಣ್ಣೆ ಹಚ್ಚುತ್ತಾರೆ, ಆದರೆ ತಿಳಿಯಾದ ಎಣ್ಣೆ, ತೀರ ತೆಳ್ಳಗೆ. ಹಳೇ ಎಣ್ಣೆಯ ಮೇಲೆ ಎಣ್ಣೆ ಸೇರುತ್ತಾ ಹೋದರೆ ಅಂಟಂಟಾಗಿ ಧೂಳು ಕೂರುತ್ತೆ, ಮಡಿಕೆಗಳೆಲ್ಲ ಮುಚ್ಚಿಹೋಗುತ್ತವೆ. ಕುಂಕುಮ ಕಲ್ಲಿನೊಳಗೆ ಇಳಿದರೆ ತೆಗೆಯೋಕಾಗಲ್ಲ. ಅತ್ತೆಯವರ ಮನಸ್ಸು ನೋಯಿಸಬೇಡಿ. ಬೊಂಬೆಯನ್ನು ಸಣ್ಣ ತಟ್ಟೆಯಲ್ಲಿಟ್ಟು, ಕುಂಕುಮ ಹೂವು ತಟ್ಟೆಗೆ ಹಾಕಲಿ. ದೀಪದ ಬಿಸಿ, ಕಿಟಕಿಯ ಬಿಸಿಲು ಎರಡರಿಂದಲೂ ದೂರ ಇರಲಿ.

ಯಾರ ಹತ್ತಿರವಾದರೂ ರಕ್ತ ಚಿಮ್ಮಿದ ಹಾಗೆ ಕೆಂಪು ಕಲೆ ಇರೋ ಕಲ್ಲಿದ್ದರೆ ಇನ್ನೂ ಹುಷಾರು. ಅದು ಚಾಂಗ್‌ಹ್ವಾ ಅಥವಾ ಬಾಲಿನ್ ಕಡೆಯ ಕೋಳಿರಕ್ತ ಕಲ್ಲು ಇರಬಹುದು. ಆ ಕೆಂಪು ಇಂಗಲೀಕ, ಪಾದರಸದ ಅದಿರು. ಬಿಸಿಲಿಗೆ ಕಪ್ಪಾಗುತ್ತೆ. ಅದನ್ನು ಕಾಯಿಸೋದು, ಉಜ್ಜಿ ಪುಡಿ ಮಾಡೋದು ಬೇಡವೇ ಬೇಡ.

ದುಬೈಕನ್ನಡಿಗ:
ಊರಲ್ಲಿ ಅಜ್ಜನ ಕಾಲದ್ದು ಒಂದಿದೆ, ನೂರು ವರ್ಷ ದಾಟಿದೆ ಅಂತಾರೆ. ಇಲ್ಲಿಗೆ ತರಬಹುದಾ?

ಹಳೇಪೆಟ್ಟಿಗೆ:
1972ರ ಪುರಾತನ ವಸ್ತುಗಳ ಕಾನೂನಿದೆ. ನೂರು ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಷ್ಟು ಹಳೇದಲ್ಲ ಅಂತ ಅನುಮಾನ ಇದ್ದರೆ ಪುರಾತತ್ವ ಇಲಾಖೆಗೆ ತೋರಿಸಿ ಪ್ರಮಾಣಪತ್ರ ಮಾಡಿಸಿಕೊಳ್ಳಿ, ಆಮೇಲೆ ಟಿಕೆಟ್ ಮಾಡಿಸಿ.

ಕರಾವಳಿಗಾಳಿ:
ಕೊನೆಯದಾಗಿ ಒಂದು. ನಮ್ಮ ಗ್ವಾನ್‌ಯಿನ್‌ಗೆ ಎಡಗೈ ಕಿರುಬೆರಳು ಮುರಿದಿದೆ, ಚೂರು ಡಬ್ಬಿಯಲ್ಲಿ ಜೋಪಾನವಾಗಿದೆ. ಸೂಪರ್ ಗ್ಲೂ ಹಾಕಲಾ?

ಶಿವಾರಪಟ್ಟಣದವನು:
ಹಾಕಬೇಡಿ ಅಕ್ಕ. ಆ ಗೋಂದು ಕಲ್ಲಿನೊಳಗೆ ಇಳಿದು ಕಲೆ ನಿಲ್ಲುತ್ತೆ, ಒಂದು ಕೂದಲಷ್ಟು ಸೊಟ್ಟಗೆ ಕೂತರೂ ಬಿಡಿಸೋಕಾಗಲ್ಲ. ಮುರಿದ ಬಾಯಿಯನ್ನು ಉಜ್ಜಲೂ ಬೇಡಿ, ಆ ಒರಟು ಇದ್ದರೇನೇ ಎರಡೂ ಸರಿಯಾಗಿ ಕೂರೋದು. ವಸ್ತುಸಂಗ್ರಹಾಲಯದವರು ಪ್ಯಾರಲಾಯ್ಡ್ ಬಿ-72 ಅನ್ನೋ ಅಂಟು ಬಳಸುತ್ತಾರೆ, ಅದನ್ನು ಅಸಿಟೋನ್ ಹಾಕಿ ಮತ್ತೆ ಬಿಡಿಸಬಹುದು. ಬೆಂಗಳೂರಿನಲ್ಲಿ ಹಳೇ ಕಲೆ, ಕಟ್ಟಡ ಉಳಿಸೋ ಸಂಸ್ಥೆ ಇನ್‌ಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ, ಕೇಳಿ ನೋಡಿ. ಅಲ್ಲಿಯವರೆಗೆ ಚೂರನ್ನು ಹತ್ತಿಯಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿಡಿ. ಬೊಂಬೆಯ ಬೆನ್ನಿನದು, ಕಿರೀಟದ್ದು ಹತ್ತಿರದಿಂದ ಫೋಟೊ ತೆಗೆದು ಹಾಕಿ, ಆ ಕಡಲೆಕಾಳಿನಷ್ಟು ಅಮಿತಾಭ ಇದಾನಾ ಅಂತ ನಾನೂ ನೋಡಬೇಕು.